ನೆನೆದಷ್ಟು ಕಾಲ

ಆಟಿಕೆ ಮಕ್ಕಳ ಸೊತ್ತು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ದೊಡ್ಡವರಿಗೆ ಅದರಲ್ಲಿ ಪಾಲು ಸಿಗುವುದು ದಸರೆಯ ಒಂಬತ್ತು ದಿನ ಮಾತ್ರ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಪಟ್ಟದ ಗೊಂಬೆ ಕೂರಿಸಿ, ರಾಗಿ ಪೈರಿನ ಪಾರ್ಕು ಮಾಡಿ, ಕನ್ನಡಿಯನ್ನೇ ಕೆರೆಯೆಂದು ನಂಬಿಸಿ ಸಂತೋಷಪಡುತ್ತೇವೆ. ಹತ್ತನೆಯ ದಿನ ಎಲ್ಲವೂ ಮತ್ತೆ ಅಟ್ಟಕ್ಕೆ.

ಅಮೆರಿಕದಲ್ಲಿ ವರ್ಷವಿಡೀ ಈ ದಸರೆ ನಡೆಸುವವರಿದ್ದಾರೆ. ಹೆಚ್ಚಿನವರು ಗಂಡಸರು, ಅದರಲ್ಲೂ ತಲೆ ನರೆತವರು. ಮನೆಯ ನೆಲಮಾಳಿಗೆಯಲ್ಲಿ ಮೇಜಿನ ಮೇಲೆ ಬೆಟ್ಟ, ಕಣಿವೆ, ಸೇತುವೆ, ಊರು ಕಟ್ಟಿ ಅದರ ನಡುವೆ ಪುಟ್ಟ ರೈಲು ಓಡಿಸುತ್ತಾರೆ. ರೈಲನ್ನು ಅಂಗಡಿಯಿಂದ ತಂದರೂ ಹಳಿಯ ಪಕ್ಕದ ಕಟ್ಟಡಗಳನ್ನು ಕೈಯಾರೆ ಮಾಡಬೇಕೆಂಬ ಹಟದವರು ಅವರಲ್ಲಿ ಬಹಳ ಮಂದಿ. ಈ ಕೆಲಸಕ್ಕೆ ಅವರು ಸ್ಕ್ರ್ಯಾಚ್‌ಬಿಲ್ಡಿಂಗ್ ಎನ್ನುತ್ತಾರೆ. ಅಂಗಡಿಯ ಪೊಟ್ಟಣ ತಾರದೆ, ಧನಿಯ ಮೆಣಸಿನಕಾಯಿ ಹುರಿದು ಮನೆಯಲ್ಲೇ ಸಾರಿನಪುಡಿ ಮಾಡಿಕೊಳ್ಳುವ ಹಾಗೆ ಅಂದುಕೊಳ್ಳಿ. ಹೀಗೆ ಕಟ್ಟುವವರು ಮತ್ತೆ ಮತ್ತೆ ಕೈಹಾಕುವ ವಸ್ತು ಒಂದಿದೆ: ಉಗಿಬಂಡಿಗೆ ನೀರು ಕೊಡುತ್ತಿದ್ದ ಮರದ ಟ್ಯಾಂಕು. ನಿಲ್ದಾಣವಿಲ್ಲದ ಮಾದರಿ ಸಿಕ್ಕೀತು, ನೀರಿನ ಟ್ಯಾಂಕಿಲ್ಲದ ಮಾದರಿ ಸಿಗುವುದು ಕಷ್ಟ. ಒಂದು ಹಳೆಯ ಟ್ಯಾಂಕಿನ ಮೇಲೆ ಇಷ್ಟೊಂದು ಜನರಿಗೆ ಯಾಕೆ ಇಷ್ಟು ಪ್ರೀತಿ ಎಂದು ಹುಡುಕುತ್ತಾ ಹೋದರೆ, ಒಂದು ಇಡೀ ಕಾಲದ ಕಥೆ ತೆರೆದುಕೊಳ್ಳುತ್ತದೆ.

ಉಗಿಬಂಡಿ ಎಂದೊಡನೆ ನಮಗೆ ನೆನಪಾಗುವುದು ಕಲ್ಲಿದ್ದಲು. ಅದರ ನಿಜವಾದ ಹಸಿವು ಬೆಂಕಿಯದಲ್ಲ, ನೀರಿನದು. ಒಂದು ಸೇರು ಕಲ್ಲಿದ್ದಲು ಉರಿಯುವಷ್ಟರಲ್ಲಿ ಆರೇಳು ಸೇರು ನೀರು ಆವಿಯಾಗಿ ಚಿಮಣಿಯಿಂದ ಹಾರಿಹೋಗುತ್ತದೆ. ಕಲ್ಲಿದ್ದಲು ಮುಗಿದರೆ ಬಂಡಿ ನಿಲ್ಲುತ್ತದೆ, ಅಷ್ಟೇ. ನೀರು ಮುಗಿದರೆ ಬಾಯ್ಲರು ಸಿಡಿದು ಪ್ರಾಣಕ್ಕೇ ಸಂಚಕಾರ. ಒಲೆಯ ಮೇಲಿಟ್ಟ ಪಾತ್ರೆಯ ನೀರು ಇಂಗುವ ತನಕ ಮರೆತು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಜಂಕ್ಷನ್ನುಗಳಲ್ಲೂ ಇಂಜಿನ್ನು ನೀರು ಕುಡಿಯುವುದನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಅರಸೀಕೆರೆಯಲ್ಲಿ ಗಾಡಿ ನಿಂತರೆ, ಆನೆಯ ಸೊಂಡಿಲಿನಂತಹ ಕೊಳವೆ ತಿರುಗಿ ಇಂಜಿನ್ನಿನ ಹಿಂದಿನ ತೊಟ್ಟಿಗೆ ನೀರು ಸುರಿಯುವುದನ್ನು ಕಿಟಕಿಯ ಸರಳುಗಳ ನಡುವೆ ಕತ್ತು ತೂರಿಸಿ ನೋಡುತ್ತಿದ್ದೆವು. ನಮ್ಮ ನಿಲ್ದಾಣಗಳ ಆ ಟ್ಯಾಂಕುಗಳು ಕಬ್ಬಿಣದ ತಗಡುಗಳನ್ನು ಜೋಡಿಸಿದವು. ಇಂಗ್ಲಿಷರು ತಮ್ಮ ದೇಶದ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಅಮೆರಿಕದವರ ದಾರಿ ಬೇರೆಯಾಯಿತು. ಅವರ ಮುಂದೆ ಕೊನೆಯಿಲ್ಲದ ಕಾಡಿತ್ತು, ಕೊನೆಯಿಲ್ಲದ ದೂರವೂ ಇತ್ತು. 1869ರ ಮೇ 10ರಂದು ಯೂಟಾ ಸೀಮೆಯ ಪ್ರೊಮೊಂಟರಿಯಲ್ಲಿ ಪೂರ್ವದ ಹಳಿ, ಪಶ್ಚಿಮದ ಹಳಿ ಒಂದಾದಾಗ ಖಂಡದ ಉದ್ದಕ್ಕೂ ರೈಲುದಾರಿಯಾಯಿತು. 1916ರ ಹೊತ್ತಿಗೆ ಆ ದೇಶದಲ್ಲಿ ಎರಡೂವರೆ ಲಕ್ಷ ಮೈಲಿಗೂ ಮಿಕ್ಕಿ ಹಳಿ ಇತ್ತು. ಆ ಉದ್ದಕ್ಕೂ ಹತ್ತು ಮೈಲಿಗೋ ಇಪ್ಪತ್ತು ಮೈಲಿಗೋ ಒಂದು ಕಡೆ ಇಂಜಿನ್ನಿಗೆ ನೀರು ಬೇಕು. ಎಷ್ಟು ಟ್ಯಾಂಕು ಬೇಕಾಗಿದ್ದಿರಬಹುದು, ನೀವೇ ಲೆಕ್ಕ ಹಾಕಿ.

ಮರದ ಟ್ಯಾಂಕು ಹುಟ್ಟಿದ್ದು ಹೀಗೆ. ಮರ ಅಗ್ಗ. ತುಕ್ಕು ಹಿಡಿಯದು. ಹಿಮ ಬೀಳುವ ನಾಡಿನಲ್ಲಿ ದಪ್ಪ ಹಲಗೆಯೇ ಕಂಬಳಿಯಾಗಿ ನೀರು ಬೇಗ ಹೆಪ್ಪುಗಟ್ಟದಂತೆ ಕಾಯುತ್ತದೆ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ, ಹಲಗೆಗಳನ್ನು ಮೊದಲೇ ಕೊಯ್ದು ಕಂತೆ ಕಟ್ಟಿ ರೈಲಿನಲ್ಲೇ ಕಳಿಸಬಹುದು. ಬಡಗಿಗಳ ತಂಡ ಇಳಿದು, ಜೋಡಿಸಿ, ಮುಂದಿನ ಜಾಗಕ್ಕೆ ಹೋಗುತ್ತದೆ. ಪೂರ್ವದಲ್ಲಿ ಪೈನ್, ಸೈಪ್ರೆಸ್ ಮರ. ಪಶ್ಚಿಮದಲ್ಲಿ ರೆಡ್‌ವುಡ್, ಫರ್ ಮರ.

ಸಾಮಾನ್ಯವಾಗಿ ಕಾಣುತ್ತಿದ್ದ ಒಂದು ಅಳತೆ ಇದು: 24 ಅಡಿ ಅಡ್ಡಗಲ, 16 ಅಡಿ ಎತ್ತರ. ಅದರಲ್ಲಿ ಸುಮಾರು 50,000 ಅಮೆರಿಕನ್ ಗ್ಯಾಲನ್ ನೀರು ಹಿಡಿಯುತ್ತಿತ್ತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ತೊಂಬತ್ತು ಸಾವಿರ ಲೀಟರು. ಹದಿನೈದು ಲೀಟರಿನ ಕೊಡದಲ್ಲಿ ಹೊತ್ತು ತುಂಬುವುದಾದರೆ ಹನ್ನೆರಡು ಸಾವಿರ ಕೊಡಕ್ಕೂ ಹೆಚ್ಚು. ಆ ನೀರಿನ ತೂಕವೇ 190 ಟನ್ನು. ಇಷ್ಟನ್ನು ಇಂಜಿನ್ನಿನ ತಲೆಗಿಂತ ಎತ್ತರದಲ್ಲಿ, ದಪ್ಪ ಮರದ ಕಂಬಗಳ ಮೇಲೆ ನಿಲ್ಲಿಸಬೇಕು. ಎತ್ತರದಲ್ಲಿದ್ದರೆ ತಾನೆ ನೀರು ತಾನಾಗಿ ಇಳಿದುಬರುವುದು?

ಈಗ ಸೋಜಿಗದ ಮಾತು ಕೇಳಿ. ಇಷ್ಟು ನೀರು ತಡೆದು ನಿಲ್ಲಿಸುವ ಆ ಗೋಡೆಗೆ ಮೊಳೆ ಇಲ್ಲ, ಅಂಟಿಲ್ಲ, ಅರಗಿಲ್ಲ. ಹಲಗೆಗಳನ್ನು ನೆಟ್ಟಗೆ ಒಂದರ ಪಕ್ಕ ಒಂದು ನಿಲ್ಲಿಸಿ ಸುತ್ತು ಕಬ್ಬಿಣದ ಬಳೆ ತೊಡಿಸುತ್ತಾರೆ. ಬಳೆಯ ಎರಡು ತುದಿ ಸೇರುವಲ್ಲಿ ತಿರುಪು. ಅದನ್ನು ಬಿಗಿಮಾಡಿ ನೀರು ಬಿಟ್ಟರೆ ಮೊದಲು ಸಂದುಸಂದಿನಲ್ಲೂ ಸೋರುತ್ತದೆ. ಬಡಗಿ ಗಾಬರಿಯಾಗುವುದಿಲ್ಲ. ಮರ ನೀರು ಕುಡಿದು ಉಬ್ಬುತ್ತದೆ, ಹಲಗೆ ಹಲಗೆಯನ್ನು ಒತ್ತುತ್ತದೆ, ಬಳೆ ಅವನ್ನು ಬಿಡದೆ ಹಿಡಿದಿರುತ್ತದೆ. ಸ್ವಲ್ಪ ಕಾಲದಲ್ಲಿ ಸೋರಿಕೆ ನಿಂತುಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚಿಲಕ ಕೂರದೆ ಸತಾಯಿಸುತ್ತದಲ್ಲ, ಅದೇ ಗುಣ. ನಮಗೆ ತೊಂದರೆಯಾದದ್ದನ್ನು ಅವರು ವಿದ್ಯೆ ಮಾಡಿಕೊಂಡರು. ನಮ್ಮಲ್ಲೂ ಈ ವಿದ್ಯೆ ಇಲ್ಲದೆ ಇಲ್ಲ. ಗುದ್ದಲಿಯ ಕಾವು ಸಡಿಲವಾದರೆ ರಾತ್ರಿ ನೀರಿನ ಬಾನಿಯಲ್ಲಿ ಅದ್ದಿಡುತ್ತಿದ್ದರು, ಬೆಳಿಗ್ಗೆ ಬಿಗಿಯಾಗಿರುತ್ತಿತ್ತು.

ಬಳೆಗಳದ್ದೂ ಒಂದು ಲೆಕ್ಕವಿದೆ. ತುಂಬಿದ ಟ್ಯಾಂಕಿನಲ್ಲಿ ಮೇಲಿನ ನೀರು ಗೋಡೆಯನ್ನು ಅಷ್ಟಾಗಿ ದೂಡುವುದಿಲ್ಲ. ತಳಕ್ಕೆ ಹೋದಂತೆ ಒತ್ತಡ ಏರುತ್ತದೆ. 16 ಅಡಿ ಆಳದಲ್ಲಿ ಪ್ರತಿ ಚದರ ಅಡಿಯ ಮೇಲೆ ಸುಮಾರು 450 ಕಿಲೋ. ಆದ್ದರಿಂದ ಮೇಲೆ ಬಳೆಗಳು ದೂರ ದೂರ, ಕೆಳಕ್ಕೆ ಬಂದಂತೆ ಹತ್ತಿರ ಹತ್ತಿರ. ದೂರದಿಂದ ನೋಡಿದವರಿಗೆ ಅದು ಅಂದಕ್ಕಾಗಿ ಮಾಡಿದಂತೆ ಕಾಣುತ್ತದೆ. ನಿಜಕ್ಕೂ ಅದು ನೀರಿನ ಒತ್ತಡವನ್ನೇ ಗೆರೆ ಎಳೆದು ತೋರಿಸಿದಂತೆ.

ಟ್ಯಾಂಕಿನ ಹೊರಗೊಂದು ಉದ್ದ ಕೊಳವೆ, ಅದನ್ನು ಮೇಲಕ್ಕೆತ್ತಿ ಹಿಡಿಯುವ ಎದುರುತೂಕದ ಗುಂಡುಗಳು. ಫೈರ್‌ಮನ್ ಇಂಜಿನ್ನಿನ ಹಿಂದೆ ಹತ್ತಿ ಸರಪಳಿ ಜಗ್ಗಿದರೆ ಕೊಳವೆ ಬಾಗುತ್ತದೆ, ಇನ್ನೊಂದು ಹಗ್ಗ ಜಗ್ಗಿದರೆ ಒಳಗಿನ ಮುಚ್ಚಳ ತೆರೆಯುತ್ತದೆ. ಕೆಲಸ ಮುಗಿದು ಕೈಬಿಟ್ಟರೆ ಕೊಳವೆ ತಾನಾಗಿ ಮೇಲೇರುತ್ತದೆ. ಒಳಗೆಷ್ಟು ನೀರಿದೆ ಎಂದು ಹತ್ತಿ ನೋಡಬೇಕಾಗಿಲ್ಲ. ನೀರಿನ ಮೇಲೆ ತೇಲುವ ಒಂದು ಗುಂಡು ಹೊರಗಿನ ಗುರುತನ್ನು ಮೇಲೆ ಕೆಳಗೆ ಮಾಡುತ್ತಿರುತ್ತದೆ. ಚಳಿನಾಡಿನಲ್ಲಿ ಟ್ಯಾಂಕಿನ ಕೆಳಗೆ ಕೊಳವೆಯ ಸುತ್ತ ಮರದ ಗೂಡು ಕಟ್ಟಿ, ಕೆಲವೆಡೆ ಒಲೆಯನ್ನೂ ಉರಿಸುತ್ತಿದ್ದರು.

ನೀರು ಟ್ಯಾಂಕಿಗೆ ಏರುವುದಕ್ಕೂ ಒಂದು ಏರ್ಪಾಟು ಬೇಕಲ್ಲ. ಬೆಟ್ಟದ ಸೀಮೆಯಲ್ಲಿ ಝರಿ ತಾನಾಗಿ ಹರಿದು ಬರುತ್ತಿತ್ತು. ಬಯಲುಸೀಮೆಯಲ್ಲಿ ಗಾಳಿಯೇ ಗತಿ. 1854ರಲ್ಲಿ ಡೇನಿಯಲ್ ಹ್ಯಾಲಡೇ ಎಂಬಾತ, ಗಾಳಿ ಬಂದ ದಿಕ್ಕಿಗೆ ತಾನೇ ತಿರುಗಿ ವೇಗವನ್ನೂ ತಾನೇ ಹದಮಾಡಿಕೊಳ್ಳುವ ಗಾಳಿಯಂತ್ರಕ್ಕೆ ಹಕ್ಕುಪತ್ರ ಪಡೆದ. ರೈಲು ಕಂಪನಿಗಳು ಆತನ ದೊಡ್ಡ ಗಿರಾಕಿಗಳಾದವು. ಮುಂದೆ ಉಗಿಯ ಪಂಪು, ಎಣ್ಣೆಯ ಪಂಪು ಬಂದವು. ಅವನ್ನು ನೋಡಿಕೊಳ್ಳಲು ಒಬ್ಬ ಪಂಪಿನವ. ಹಲವೆಡೆ ನೀರೇ ಸರಿಯಿರಲಿಲ್ಲ. ಗಡಸು ನೀರು ಕಾದು ಕಾದು ಬಾಯ್ಲರಿನ ಒಳಗೆ ಸುಣ್ಣದ ಪದರ ಕಟ್ಟುತ್ತಿತ್ತು. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕೂರುವಂತೆ. ನಾವು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಅವರು ನೀರನ್ನೇ ಮೊದಲು ಔಷಧ ಬೆರೆಸಿ ಮೆದುವಾಗಿಸುವ ಘಟಕಗಳನ್ನು ಕಟ್ಟಬೇಕಾಯಿತು.

ಟ್ಯಾಂಕು ನಿಂತಲ್ಲಿ ಊರು ಬೆಳೆಯಿತು. ನಾಲ್ಕು ಮನೆ, ಒಂದು ಅಂಗಡಿ, ಒಂದು ಅಂಚೆಪೆಟ್ಟಿಗೆ. ರೈಲು ಅಲ್ಲಿ ನಿಲ್ಲುವುದು ನೀರಿಗಾಗಿ ಮಾತ್ರ, ಊರಿಗಾಗಿ ಅಲ್ಲ. ಅಂಥ ಊರನ್ನು ನಗರದವರು ಟ್ಯಾಂಕ್ ಟೌನ್ ಎಂದು ಹಗುರವಾಗಿ ಕರೆದರು. ಟ್ಯಾಂಕೂ ಇಲ್ಲದ ಕವಲುದಾರಿಗಳಲ್ಲಿ ರೈಲಿನವರೇ ಬಕೆಟ್ಟು ಹಿಡಿದು ಹೊಳೆಯಿಂದ ನೀರು ಜಗ್ಗಬೇಕಾಗಿತ್ತಂತೆ. ಹಾಗೆ ಬಂದ ಜರ್ಕ್‌ವಾಟರ್ ಎಂಬ ಮಾತು ಕೊಂಪೆ ಊರಿಗೆ ಅಡ್ಡಹೆಸರಾಗಿ ನಿಂತಿತು. ನೀರು ಕೊಟ್ಟ ಊರಿಗೆ ಸಿಕ್ಕ ಮರ್ಯಾದೆ ಇದು! ಕೆಲಸ ಮಾಡುವವರ ಹೆಸರು ಬೈಗುಳವಾಗುವುದು ನಮಗೇನೂ ಹೊಸದಲ್ಲ.

ಸಿನಿಮಾದವರು ಮಾತ್ರ ಟ್ಯಾಂಕನ್ನು ಚೆನ್ನಾಗಿ ಬಳಸಿಕೊಂಡರು. ಮೂಕಿಚಿತ್ರಗಳ ಕಾಲದ ಹಾಸ್ಯನಟ ಬಸ್ಟರ್ ಕೀಟನ್ 1924ರ 'ಷರ್ಲಾಕ್ ಜೂನಿಯರ್' ಚಿತ್ರದಲ್ಲಿ ಓಡುವ ರೈಲಿನ ಮೇಲಿನಿಂದ ಟ್ಯಾಂಕಿನ ಕೊಳವೆಗೆ ಜೋತುಬೀಳುತ್ತಾನೆ. ಕೊಳವೆ ಬಾಗಿ ನೀರಿನ ಧಾರೆ ಅವನನ್ನು ಹಳಿಯ ಮೇಲೆ ಕೆಡವುತ್ತದೆ. ನೋಡಿದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದು ಅವನ ಕತ್ತಿನ ಮೂಳೆ ಬಿರುಕು ಬಿಟ್ಟಿತ್ತೆಂದು ಗೊತ್ತಾದದ್ದು ವರ್ಷಗಳ ನಂತರ, ಬೇರೇನಕ್ಕೋ ವೈದ್ಯರ ಬಳಿಗೆ ಹೋದಾಗ. ಟ್ಯಾಂಕಿನ ನೀರಿಗೆ ಎಷ್ಟು ಬಲವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1963ರಿಂದ 1970ರವರೆಗೆ ಅಲ್ಲಿನ ದೂರದರ್ಶನದಲ್ಲಿ 'ಪೆಟಿಕೋಟ್ ಜಂಕ್ಷನ್' ಎಂಬ ಧಾರಾವಾಹಿ ಬರುತ್ತಿತ್ತು. ಹಳಿ ಪಕ್ಕದ ಹೋಟೆಲು ನಡೆಸುವ ಒಬ್ಬ ವಿಧವೆ, ಅವಳ ಮೂವರು ಹೆಣ್ಣುಮಕ್ಕಳು. ಪ್ರತಿ ವಾರವೂ ಅದರ ಆರಂಭ, ಆ ಹುಡುಗಿಯರು ಮರದ ಟ್ಯಾಂಕಿನಲ್ಲಿ ಈಜಾಡುವ ದೃಶ್ಯದಿಂದ. ಕುಡಿಯುವ ನೀರಲ್ಲವಲ್ಲ, ಇಂಜಿನ್ನು ಬೇಸರಪಡುವುದಿಲ್ಲ!

ಆ ಧಾರಾವಾಹಿ ಬರುವ ಹೊತ್ತಿಗೆ ನಿಜವಾದ ಟ್ಯಾಂಕುಗಳ ಕಥೆ ಮುಗಿದಿತ್ತು. 1940ರ ದಶಕದಲ್ಲಿ ಡೀಸೆಲ್ ಇಂಜಿನ್ನು ಸಾಲುಸಾಲಾಗಿ ಹಳಿಗಿಳಿಯಿತು. 1960ರ ಸುಮಾರಿಗೆ ಅಮೆರಿಕದ ದೊಡ್ಡ ರೈಲುದಾರಿಗಳಲ್ಲಿ ಉಗಿಬಂಡಿ ಇಲ್ಲವಾಯಿತು. ನಮ್ಮಲ್ಲಿ ಬ್ರಾಡ್‌ಗೇಜಿನ ಉಗಿಬಂಡಿ ಸಂಚಾರ 1995ರವರೆಗೂ ಉಳಿದಿತ್ತು. ಡೀಸೆಲ್ಲಿಗೆ ಹತ್ತು ಮೈಲಿಗೊಮ್ಮೆ ನೀರು ಬೇಡ. ರೈಲು ನಿಲ್ಲದೆ ಹೋಯಿತು. ಪಂಪಿನವನಿಗೆ ಕೆಲಸ ಹೋಯಿತು. ಎಷ್ಟೋ ಪುಟ್ಟ ಊರುಗಳೂ ಸೊರಗಿದವು.

ಟ್ಯಾಂಕಿಗೆ ಆದದ್ದು ಇನ್ನೂ ವಿಚಿತ್ರ. ಕಬ್ಬಿಣದ್ದಾಗಿದ್ದರೆ ಖಾಲಿಯಾದರೂ ತುಕ್ಕು ಹಿಡಿಯುತ್ತ ನಿಂತಿರುತ್ತಿತ್ತು. ಮರದ ಟ್ಯಾಂಕು ನೀರು ಇರುವ ತನಕ ಗಟ್ಟಿ. ಬರಿದಾದ ಮೇಲೆ ಬಿಸಿಲಿಗೆ ಹಲಗೆ ಒಣಗುತ್ತದೆ, ಕುಗ್ಗುತ್ತದೆ. ಕುಗ್ಗಿದ ಮೈಯಿಂದ ಬಳೆಗಳು ಒಂದೊಂದಾಗಿ ಜಾರುತ್ತವೆ. ಒಂದು ದಿನ ಹಲಗೆಗಳು ಹೂವಿನ ಎಸಳಿನಂತೆ ಹೊರಕ್ಕೆ ಬಿಚ್ಚಿಕೊಂಡು ಬೀಳುತ್ತವೆ. ಅದನ್ನು ಹೊತ್ತು ನಿಲ್ಲಿಸಿದ್ದು ಅದು ಹೊತ್ತಿದ್ದ ಭಾರವೇ. ಭಾರ ಇಳಿದ ಮೇಲೆ ಕುಸಿದುಬಿಡುವ ಜೀವಗಳನ್ನು ನಾವು ಮನುಷ್ಯರಲ್ಲೂ ನೋಡಿಲ್ಲವೇ? ಮನೆತುಂಬ ಜನಕ್ಕೆ ಬೇಯಿಸಿ ಹಾಕುತ್ತಿದ್ದ ಅಜ್ಜಿಯರು, ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಎಷ್ಟು ಬೇಗ ಸೋತುಹೋಗುತ್ತಾರೆ!

ಬೀಳದೆ ಉಳಿದವನ್ನು ಕಂಪನಿಗಳು ಕೆಡವಿದವು. ಕೆಡವುವವರು ಅದರ ಅಳತೆ ಯಾಕೆ ಬರೆದಿಡುತ್ತಾರೆ? ಇಂಜಿನ್ನಿಗಾದರೆ ಹೆಸರಿತ್ತು, ನಂಬರಿತ್ತು, ಚಿತ್ರವಿತ್ತು. ಸೇತುವೆಗೆ ಉದ್ಘಾಟನೆಯ ಕಲ್ಲಿತ್ತು. ದಿನಾ ನೀರು ಕೊಟ್ಟ ಟ್ಯಾಂಕಿಗೆ ಏನಿತ್ತು? ಇಂಥ ಹೊತ್ತಿನಲ್ಲಿ ಅದರ ನೆರವಿಗೆ ಬಂದವರು ಇತಿಹಾಸಕಾರರಿಗಿಂತ ಮೊದಲು ಈ ಆಟದ ರೈಲಿನವರು.

ಅವರ ಆಟ ವ್ಯವಸ್ಥಿತವಾದದ್ದು ಬಡತನದ ಕಾಲದಲ್ಲಿ. 1934ರ ಜನವರಿಯಲ್ಲಿ, ಅಮೆರಿಕದ ದೊಡ್ಡ ಆರ್ಥಿಕ ಕುಸಿತದ ನಡುವೆ, ಮಿಲ್ವಾಕಿ ಪಟ್ಟಣದಲ್ಲಿ ಆಲ್ ಕಾಮ್‌ಬಾಕ್ ಎಂಬಾತ 'ಮಾಡೆಲ್ ರೈಲ್‌ರೋಡರ್' ಎಂಬ ಮಾಸಪತ್ರಿಕೆ ತೆಗೆದ. ಮರುವರ್ಷ ಅದೇ ಊರಿನಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಅಳತೆಗಳು ಎಲ್ಲರಿಗೂ ಒಂದೇ ಇರಬೇಕೆಂದು ನಿಯಮ ಮಾಡಿಕೊಂಡರು. ಎಲ್ಲರಿಗಿಂತ ಹೆಚ್ಚು ಮಂದಿ ಮೆಚ್ಚಿದ ಎಚ್‌ಓ ಎಂಬ ಅಳತೆಯಲ್ಲಿ ನಿಜದ ಒಂದು ಅಡಿ ಮೂರೂವರೆ ಮಿಲಿಮೀಟರು. ಅಂದರೆ ಎಲ್ಲವೂ 87ರಲ್ಲಿ ಒಂದು ಪಾಲು.

ಅದೇ ವರ್ಷಗಳಲ್ಲಿ ಹತ್ತಿರದ ಷಿಕಾಗೋದಲ್ಲಿ ನಾರ್ಸಿಸಾ ಥಾರ್ನ್ ಎಂಬ ಸಿರಿವಂತ ಗೃಹಿಣಿ ನುರಿತ ಕುಶಲಕರ್ಮಿಗಳನ್ನು ಇಟ್ಟುಕೊಂಡು ಬೇರೆ ಬೇರೆ ಕಾಲದ ಮನೆಯ ಕೋಣೆಗಳನ್ನು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಕಟ್ಟಿಸುತ್ತಿದ್ದಳು. ಅವುಗಳಲ್ಲಿ 68 ಕೋಣೆಗಳು ಈಗಲೂ ಷಿಕಾಗೋದ ಕಲಾಸಂಸ್ಥೆಯಲ್ಲಿ ನೋಡಸಿಗುತ್ತವೆ. ಹೆಂಗಸು ಮಾಡಿದರೆ ಗೊಂಬೆಮನೆ, ಗಂಡಸು ಮಾಡಿದರೆ ಹವ್ಯಾಸ ಎನ್ನುವುದು ಎಲ್ಲ ದೇಶದ ವಾಡಿಕೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಕೈಜಾರಿ ಹೋಗುತ್ತಿದ್ದ ಒಂದು ಕಾಲವನ್ನು ಅಂಗೈಯಗಲದಲ್ಲಿ ಹಿಡಿದಿಟ್ಟರು.

ಈ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿದ್ದು, ಅಕ್ಕನ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ. ಪಕ್ಕದ ಮನೆಯ ಹಿರಿಯರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಚಿಕ್ಕಮ್ಮ, ಅವರ ನೆಲಮಾಳಿಗೆ ಒಂದು ಸಲ ನೋಡಲೇಬೇಕು ನೀನು" ಎಂದು ಹುಡುಗ ಎಳೆದುಕೊಂಡು ಹೋದ. ದೀಪದ ಕೆಳಗೆ, ಮೂಗಿನ ತುದಿಗೆ ಕನ್ನಡಕವಿಟ್ಟುಕೊಂಡು ಅವರು ಕಡ್ಡಿ ಜೋಡಿಸುತ್ತಿದ್ದರು. ಕಡ್ಡಿಯ ಅಗಲ ಎರಡು ಮಿಲಿಮೀಟರಿಗೂ ಕಡಿಮೆ. ನಿಜದ ಆರಂಗುಲದ ಹಲಗೆಗೆ ಅದೇ ಸರಿಯಾದ ಅಳತೆಯಂತೆ. 24 ಅಡಿಯ ಟ್ಯಾಂಕಿನ ಸುತ್ತಳತೆಗೆ ಅಂಥವು ನೂರೈವತ್ತು ಬೇಕು. ಇಡೀ ಟ್ಯಾಂಕಿನ ಅಗಲ ಮೂರೂಕಾಲು ಅಂಗುಲ, ಎತ್ತರ ಎರಡೂಕಾಲು ಅಂಗುಲ. ನಮ್ಮ ಒಗ್ಗರಣೆ ಡಬ್ಬಿಗಿಂತ ಚಿಕ್ಕದು.

ಅವರು ಮಾಡುವ ಕ್ರಮವನ್ನು ಹುಡುಗ ಬಿಡಿಸಿ ಹೇಳುತ್ತಾ ಹೋದ. ಮೊದಲು ರಟ್ಟಿನ ಒಂದು ಗಟ್ಟಿ ಉರುಳೆ. ಪ್ರತಿ ಕಡ್ಡಿಯನ್ನೂ ತಂತಿಯ ಬ್ರಷ್ಷಿನಿಂದ ಕೆರೆದು ಮರದ ಎಳೆ ಎಬ್ಬಿಸುವುದು. ಕಾಡಿಗೆಯಿಂದ ಮಾಡುವ, ಅವರು ಇಂಡಿಯಾ ಇಂಕ್ ಎನ್ನುವ ಕಪ್ಪು ಶಾಯಿಯನ್ನು ಸ್ಪಿರಿಟ್ಟಿನಲ್ಲಿ ತೆಳುಮಾಡಿ, ಒಂದರಂತೆ ಇನ್ನೊಂದು ಇರದ ಹಾಗೆ ಬಣ್ಣ ಕೊಡುವುದು. ಒಣಗಿದ ಮೇಲೆ ಒಂದೊಂದನ್ನೇ ಉರುಳೆಗೆ ಅಂಟಿಸಿ, ನಾಲ್ಕು ಕಡ್ಡಿಗೊಮ್ಮೆ ನೆಟ್ಟಗಿದೆಯೇ ಎಂದು ಮೂಲೆಮಟ್ಟ ಹಿಡಿದು ನೋಡುವುದು. ಒಂದು ಕಡ್ಡಿ ಕೂದಲೆಳೆಯಷ್ಟು ವಾಲಿದರೂ ನೂರೈವತ್ತನೆಯದು ಮೊದಲನೆಯದನ್ನು ಸೇರುವುದಿಲ್ಲ. ಆಮೇಲೆ ಬಳೆ. ಕೆಲವರು ಹೊಲಿಗೆಯ ದಾರವನ್ನೇ ಸುತ್ತುತ್ತಾರೆ, ಇವರು ಕಾಗದದ ಎಳೆ ಕತ್ತರಿಸಿ ತುಕ್ಕಿನ ಬಣ್ಣ ಬಳಿದಿದ್ದರು. ಛಾವಣಿಗೆ ಕಾಗದದ ಶಂಕು, ಕೊಳವೆಗೆ ಹಿತ್ತಾಳೆಯ ನಳಿಗೆ, ಕತ್ತಿನ ಸರದ ತುಂಡಿನಷ್ಟು ತೆಳುವಾದ ಸರಪಳಿ. ಕೊನೆಗೆ, ಸೋರಿದ ಕಡೆ ಬಿಳಿಯ ಕಲೆ, ಕಂಬದ ಬುಡದಲ್ಲಿ ಪಾಚಿಯ ಹಸಿರು.

ಮುಗಿದ ಒಂದನ್ನು ನನ್ನ ಅಂಗೈ ಮೇಲಿಟ್ಟು ಆ ಹಿರಿಯರು ಕೇಳಿದರು: "ತಳದಲ್ಲಿ ಬಳೆಗಳು ಒತ್ತೊತ್ತಾಗಿವೆ, ಯಾಕೆ ಗೊತ್ತೇ?"

"ಅಡಿಯಲ್ಲಿ ನೀರಿನ ಭಾರ ಹೆಚ್ಚಲ್ಲವೇ?" ಎಂದೆ. ಹಂಡೆ ತುಂಬಿದವರಿಗೆ ಅಷ್ಟೂ ತಿಳಿಯದೇ?

ಅವರ ಮುಖ ಅರಳಿತು. ಅಂಗಡಿಯಲ್ಲಿ ಸಿಗುವ ಮಾದರಿಯಲ್ಲಿ ಬಳೆಗಳು ಹೇಗೋ ಇರಲಿ, ನೋಡುವವರಿಗೆ ಗೊತ್ತಾಗುವುದಿಲ್ಲ. ಕೈಯಿಂದ ಕಟ್ಟುವವನಿಗೆ ಮಾತ್ರ ಪ್ರತಿಯೊಂದಕ್ಕೂ ಯಾಕೆ ಎಂದು ಕೇಳದೆ ಕೈ ಮುಂದೆ ಹೋಗುವುದಿಲ್ಲ ಎಂದರು. ಟ್ಯಾಂಕಿನ ಹಲಗೆಗಳ ತುದಿ ಕೆಳಗಿನ ತೊಲೆಯ ಮೇಲೆ ಊರಬಾರದು, ಭಾರವೆಲ್ಲ ತಳದ ಹಲಗೆಯ ಮೇಲೆಯೇ ಇರಬೇಕು ಎಂಬ ಗುಟ್ಟನ್ನು ಅವರು ಕಲಿತದ್ದು ಹೀಗೆ ಯಾಕೆ ಎಂದು ಕೇಳಿ ಕೇಳಿಯೇ. ತಳವನ್ನು ಹಿಡಿಯಲು ಹಲಗೆಗಳ ಒಳಮೈಯಲ್ಲಿ ಒಂದು ಗಾಡಿ ಕೊರೆದಿರುತ್ತಾರಂತೆ. ನೂರು ವರ್ಷದ ಹಿಂದಿನ ಬಡಗಿಗೆ ಕೈಯಲ್ಲಿದ್ದ ಜ್ಞಾನ, ಬ್ಯಾಂಕಿನ ಗುಮಾಸ್ತರ ಬೆರಳಿಗೆ ಬಂದು ಕೂತಿತ್ತು.

ಇಂಥವರು ಅಲ್ಲಿ ಒಬ್ಬಿಬ್ಬರಲ್ಲ. ಕ್ಯಾಲಿಫೋರ್ನಿಯಾದ ಮಾಂಟರೇಯಲ್ಲಿದ್ದ ಛಾಯಾಗ್ರಾಹಕ ಜಾನ್ ಅಲೆನ್ ಈ ಕಲೆಯಲ್ಲಿ ದೊಡ್ಡ ಹೆಸರು. ಆಟದ ಕಟ್ಟಡ ಥಳಥಳಿಸಬಾರದು, ಮಳೆ ಬಿಸಿಲು ಹೊಗೆ ತಿಂದಂತೆ ಕಾಣಬೇಕು ಎಂದು ಹವ್ಯಾಸಿಗಳಿಗೆ ಕಲಿಸಿದವರಲ್ಲಿ ಮೊದಲಿಗ. 1973ರ ಜನವರಿಯಲ್ಲಿ ಆತ ತೀರಿಕೊಂಡ. ಹತ್ತೇ ದಿನಕ್ಕೆ ಮನೆಗೆ ಬೆಂಕಿ ಬಿದ್ದು ಬದುಕಿಡೀ ಕಟ್ಟಿದ ಬೆಟ್ಟ, ಊರು, ಹಳಿಗಳಲ್ಲಿ ಬಹುಪಾಲು ಬೂದಿಯಾಯಿತು. ಉಳಿದದ್ದು ಆತ ತೆಗೆದ ಚಿತ್ರಗಳು, ಪತ್ರಿಕೆಗಳಿಗೆ ಬರೆದ ಲೇಖನಗಳು. ಅವನ್ನು ನೋಡಿಯೇ ಎಷ್ಟೋ ಜನ ಕಲಿತರು. ವಸ್ತು ಸುಟ್ಟರೂ ವಿಧಾನವನ್ನು ಬರೆದಿಟ್ಟರೆ ಅದು ಉಳಿಯುತ್ತದೆ.

ಹವ್ಯಾಸಿಗಳು ಮಾಡಿದ ದೊಡ್ಡ ಉಪಕಾರ ಇದೇ. ಟ್ಯಾಂಕುಗಳು ಇನ್ನೂ ನಿಂತಿದ್ದಾಗ ರಜಾದಿನಗಳಲ್ಲಿ ಟೇಪು ಹಿಡಿದು ಹೋಗಿ, ಕಂಬ ಎಷ್ಟು ದಪ್ಪ, ಬಳೆ ಎಷ್ಟು, ಕೊಳವೆ ಎಷ್ಟು ಉದ್ದ ಎಂದು ಅಳೆದು ನಕ್ಷೆ ಬರೆದು ತಮ್ಮ ಪತ್ರಿಕೆಗಳಲ್ಲಿ ಅಚ್ಚುಹಾಕಿಸಿದರು. ಕೊಲರಾಡೋದ ಬೆಟ್ಟಗಳಲ್ಲಿ 1951ರಲ್ಲಿ ನಿಂತುಹೋದ ರಿಯೋ ಗ್ರಾಂಡ್ ಸದರ್ನ್ ಎಂಬ ಕಿರುಹಳಿಯ ದಾರಿ ಇವರ ಕೈಯಲ್ಲಿ ನೂರಾರು ನೆಲಮಾಳಿಗೆಗಳಲ್ಲಿ ಮತ್ತೆ ಓಡುತ್ತಿದೆ. ಆ ದಾರಿಯ ಒಂದು ಮರದ ಟ್ಯಾಂಕು ಟ್ರೌಟ್ ಲೇಕ್ ಎಂಬಲ್ಲಿ ಇನ್ನೂ ನಿಂತಿದೆ. ನ್ಯೂ ಮೆಕ್ಸಿಕೋದ ಚಾಮಾದಲ್ಲಿ 1897ರ ಟ್ಯಾಂಕಿಗೆ ಎರಡು ಸೊಂಡಿಲು. 1970ರಲ್ಲಿ ಎರಡು ರಾಜ್ಯಗಳು ಸೇರಿ ಆ ಹಳಿಯನ್ನೇ ಕೊಂಡು ಉಳಿಸಿಕೊಂಡಿದ್ದರಿಂದ ಅಲ್ಲಿ ಪ್ರವಾಸಿಗರ ಉಗಿಬಂಡಿ ಇಂದಿಗೂ ಓಡುತ್ತದೆ. ಉಳಿದ ಕಡೆ ಟ್ಯಾಂಕು ಎಷ್ಟು ಇಲ್ಲವಾಗಿವೆ ಎಂಬುದು 2019ರಲ್ಲಿ ಎದ್ದುಕಂಡಿತು. 1941ರ ದೈತ್ಯ ಇಂಜಿನ್ನೊಂದನ್ನು ದುರಸ್ತಿಮಾಡಿ ಯೂನಿಯನ್ ಪೆಸಿಫಿಕ್ ಕಂಪನಿ ಮತ್ತೆ ಹಳಿಗಿಳಿಸಿತು. ದಾರಿಯಲ್ಲಿ ಒಂದೂ ಟ್ಯಾಂಕಿಲ್ಲ. ಆ ಇಂಜಿನ್ನು ತನ್ನ ನೀರನ್ನು ಬೇರೆ ಬಂಡಿಗಳಲ್ಲಿ ತುಂಬಿಕೊಂಡು, ದೂರದೂರಿಗೆ ಹೊರಟ ಮಡಿ ಅಜ್ಜಿಯಂತೆ, ಬೆನ್ನಿಗೇ ಕಟ್ಟಿಕೊಂಡು ಹೋಗಬೇಕಾಯಿತು.

ಮರದ ಟ್ಯಾಂಕಿನ ಕಸುಬು ಪೂರ್ತಿ ಸತ್ತಿಲ್ಲ ಎಂಬುದು ಸಮಾಧಾನ. ನ್ಯೂಯಾರ್ಕ್ ನಗರದ ಮಾಳಿಗೆಗಳ ಮೇಲೆ ತಲೆಯೆತ್ತಿ ನೋಡಿ. ಆರನೆಯ ಅಂತಸ್ತಿನ ಮೇಲಕ್ಕೆ ನಗರದ ನಲ್ಲಿಯ ನೀರು ಏರದ ಕಾರಣ ಸಾವಿರಾರು ಕಟ್ಟಡಗಳ ನೆತ್ತಿಯಲ್ಲಿ ಇಂದಿಗೂ ಮರದ ಟ್ಯಾಂಕೇ ಇದೆ. ಸುಮಾರು ಮೂವತ್ತು ವರ್ಷಕ್ಕೊಮ್ಮೆ ಹಳೆಯದನ್ನು ಬಿಚ್ಚಿ ಒಂದೇ ದಿನದಲ್ಲಿ ಹೊಸದು ಕಟ್ಟುತ್ತಾರೆ. ಅಲ್ಲೂ ಅಂಟಿಲ್ಲ, ಮೊದಲ ದಿನ ಸೋರಿಕೆ, ಆಮೇಲೆ ಬಿಗಿ. ವಿದ್ಯೆ ಬದುಕುವುದು ಕೆಲಸವಿದ್ದರೆ ಮಾತ್ರ.

ಕೆಲಸ ಮುಗಿದ ವಸ್ತುವಿನ ಗತಿಯೇನು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನು ನೋಡಲು ಜನ ಸಾಲುಗಟ್ಟುತ್ತಾರೆ. ಒಳ್ಳೆಯದೇ. ರಾಣಿಯ ಬಂಡಿ ಉಳಿಯುತ್ತದೆ, ನೀರು ಹೊತ್ತವರ ಪರಿಕರ ಉಳಿಯುವುದಿಲ್ಲ. ನಮ್ಮ ತವರಿನ ಬಚ್ಚಲಮನೆಯಲ್ಲಿ ತಾಮ್ರದ ಹಂಡೆ ಹೂತ ಒಂದು ಒಲೆ ಇತ್ತು. ಎರಡು ಸೌದೆ, ಒಂದಿಷ್ಟು ತೆಂಗಿನ ಗರಿಯಲ್ಲಿ ಹತ್ತು ಜನರ ಸ್ನಾನ. ಹೊಗೆ ಒಳಗೆ ಸುತ್ತದೆ ಹೊರಗೆ ಹೋಗುವಂತೆ ಅದರ ಹಿಂದೆ ಎಂಥದೋ ಒಂದು ಓರೆಗಿಂಡಿ. ಅಮ್ಮನೂ ದೊಡ್ಡಮ್ಮನೂ ಸೇರಿ ಮಣ್ಣು ಕಲಸಿ ಕಟ್ಟಿದ್ದು. ಗೀಸರು ಬಂದ ಮೇಲೆ ಒಲೆ ಒಡೆದರು, ಹಂಡೆ ತೂಕಕ್ಕೆ ಹೋಯಿತು. ಆ ಗಿಂಡಿ ಎಷ್ಟು ಅಗಲವಿತ್ತು, ಯಾವ ಕೋನಕ್ಕಿತ್ತು? ಕಟ್ಟಿದ ಇಬ್ಬರೂ ಈಗಿಲ್ಲ. ಅಡುಗೆಯನ್ನಾದರೆ ಯಾರಾದರೂ ಬರೆದಿಟ್ಟಾರು, ಒಲೆಯ ಅಳತೆ ಯಾರ ಪುಸ್ತಕದಲ್ಲೂ ಇಲ್ಲ.

ಕನ್ನಡದಲ್ಲಿ ನೆನೆಯುವುದು ಎಂದರೆ ಎರಡು ಅರ್ಥ. ನೀರಿನಲ್ಲಿ ತೋಯುವುದೂ ನೆನೆಯುವುದೇ, ಮನಸ್ಸಿನಲ್ಲಿ ತಂದುಕೊಳ್ಳುವುದೂ ನೆನೆಯುವುದೇ. ಮರದ ಟ್ಯಾಂಕಿಗೆ ಎರಡೂ ಸಲ್ಲುತ್ತವೆ. ನೀರಿನಲ್ಲಿ ನೆನೆದಷ್ಟು ಕಾಲ ಅದು ಹಳಿಯ ಪಕ್ಕದಲ್ಲಿ ನಿಂತಿತ್ತು. ಈಗ ಯಾರೋ ನೆನೆದಷ್ಟು ಕಾಲ ಮೇಜಿನ ಮೇಲೆ ನಿಂತಿರುತ್ತದೆ.

ನಿಮ್ಮ ಊರಿನ ಮನೆಯಲ್ಲಿ ಇನ್ನೂ ಕಣಜವೋ, ಬೀಸುಕಲ್ಲಿನ ಕಟ್ಟೆಯೋ, ಬಾವಿಯ ರಾಟೆಯೋ ಉಳಿದಿದ್ದರೆ, ಮುಂದಿನ ಸಲ ಹೋಗುವಾಗ ಹೊಲಿಗೆ ಪೆಟ್ಟಿಗೆಯ ಟೇಪು ಜೊತೆಗಿಟ್ಟುಕೊಳ್ಳಿ. ಮಕ್ಕಳನ್ನು ಕೂರಿಸಿಕೊಂಡು ಅಳತೆ ತೆಗೆದು, ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿ. ಉಪಯೋಗಿಸಿದವರು ಇನ್ನೂ ಇದ್ದರೆ ಪ್ರತಿಯೊಂದಕ್ಕೂ ಯಾಕೆ ಎಂದು ಕೇಳಿ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಅರ್ಧ ದಿನದ ಕೆಲಸ. ಖರ್ಚೇನೂ ಇಲ್ಲ.